ಗೇರುಪೆಟ್ಟಿಗೆಯ ಸಿಂಬಿ

ತುಂಬಿದ ಕೊಡವನ್ನು ತಲೆಯ ಮೇಲೆ ಹೊರುವವರು ಅದರ ಅಡಿಗೆ ಬಟ್ಟೆಯ ಸಿಂಬಿಯೊಂದನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ ಬಹುಕಾಲದಿಂದ ಬಂದ ರೂಢಿ. ಈ ಸಿಂಬಿ ಏಕಕಾಲದಲ್ಲಿ ಎರಡು ಕೆಲಸಗಳನ್ನು ಮಾಡುತ್ತದೆ. ಕೊಡವು ಜಾರದಂತೆ ಅದು ಹಿಡಿದುಕೊಳ್ಳಬೇಕು. ಹೆಜ್ಜೆ ಹೆಜ್ಜೆಗೂ ಉಂಟಾಗುವ ಕುಲುಕಾಟವು ತಲೆಗೆ ತಟ್ಟದಂತೆ ತಾನು ಸ್ವಲ್ಪ ಬಗ್ಗಿಕೊಡಲೂ ಬೇಕು. ಸಿಂಬಿಗೆ ಬದಲಾಗಿ ಕಲ್ಲಿನ ಬಳೆಯನ್ನಿಟ್ಟರೆ ಕೊಡವೇನೋ ನಿಂತೀತು, ತಲೆ ಉಳಿಯದು. ಬಿಡಿ ಹತ್ತಿಯ ಮುದ್ದೆಯನ್ನಿಟ್ಟರೆ ತಲೆಗೆ ಸುಖವಾದೀತು, ಕೊಡ ನಿಲ್ಲದು.

ಮೋಟಾರು ವಾಹನಗಳ ಗೇರುಪೆಟ್ಟಿಗೆಯ ಅಡಿಯಲ್ಲಿಯೂ ಇಂತಹುದೇ ಒಂದು ಸಿಂಬಿ ಇದೆ. ವರ್ಕ್‌ಷಾಪಿನವರು ಅದನ್ನು 'ಗೇರ್‌ಬಾಕ್ಸ್ ಮೌಂಟಿಂಗ್' ಎಂದು ಕರೆಯುತ್ತಾರೆ. ಎರಡು ಉಕ್ಕಿನ ತಟ್ಟೆಗಳು, ಅವುಗಳ ನಡುವೆ ಬೇರ್ಪಡದಂತೆ ಅಂಟಿಸಿದ ದಪ್ಪ ರಬ್ಬರು, ಬೋಲ್ಟುಗಳಿಗೆಂದು ನಾಲ್ಕಾರು ರಂಧ್ರಗಳು—ಇಷ್ಟೇ ಅದರ ಸ್ವರೂಪ. ವಾಹನವನ್ನು ಕೊಳ್ಳುವವರು ಅದನ್ನು ಬಗ್ಗಿ ನೋಡುವುದಿಲ್ಲ. ಓಡಿಸುವವರಲ್ಲಿಯೂ ಅನೇಕರು ಅದರ ಹೆಸರನ್ನು ಕೇಳಿರಲಾರರು. ಆದರೆ ಅದು ಹರಿದುಹೋದ ದಿನ ಏರುದಾರಿಯಲ್ಲಿ ವಾಹನವು ನಡುಗತೊಡಗುತ್ತದೆ, ಗೇರಿನ ಹಿಡಿ ತಾನಾಗಿ ಅಲುಗುತ್ತದೆ, ಕ್ಲಚ್ಚು ಮಾತು ಕೇಳದಂತಾಗುತ್ತದೆ. ಈ ಚಿಕ್ಕ ವಸ್ತುವಿನ ವಿಜ್ಞಾನವೇನು, ಹಳೆಯ ಜೀಪೊಂದಕ್ಕೆ ಹೊಸ ಮೌಂಟಿಂಗನ್ನು ಕ್ರಮವಾಗಿ ಕೂಡಿಸುವುದು ಹೇಗೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಜೀಪೆಂಬ ಪುಟ್ಟ ಲಾರಿ

ಜೀಪನ್ನು ನಾವು ಕಾರಿನ ಜಾತಿಗೆ ಸೇರಿಸುವುದುಂಟು. ಆದರೆ ಹುಟ್ಟಿನಲ್ಲಿ ಅದು ಲಾರಿ. ಎರಡನೆಯ ಮಹಾಯುದ್ಧದ ಸಮಯದಲ್ಲಿ, ೧೯೪೧ರಿಂದ ೧೯೪೫ರವರೆಗೆ, ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಸಂಸ್ಥೆಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದುವು. ಅಲ್ಲಿನ ಸೈನ್ಯದ ದಫ್ತರದಲ್ಲಿ ಅದರ ಹೆಸರು 'ಕಾಲು ಟನ್ನಿನ, ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ಟ್ರಕ್' ಎಂದೇ ಇದ್ದಿತು. ಯುದ್ಧ ಮುಗಿದ ಬಳಿಕ ಅದೇ ವಂಶದ ವಾಹನಗಳು ನಾಗರಿಕರ ಬಳಕೆಗೆ ಬಂದುವು. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯು ೧೯೪೦ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಮುಂಬಯಿಯಲ್ಲಿ ಆರಂಭಿಸಿತು. ಅಮೆರಿಕದಲ್ಲಿ ೧೯೫೩ರಲ್ಲಿ ಹೊರಬಂದು ೧೯೬೮ರವರೆಗೆ ತಯಾರಾದ, ಬಾನೆಟ್ಟು ಎತ್ತರವಾಗಿರುವ 'ಸಿಜೆ-೩ಬಿ' ಎಂಬ ಮಾದರಿಯನ್ನು ಇಲ್ಲಿಯೂ ತಯಾರಿಸಲಾಯಿತು.

ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಮೂಟೆ ಹೊತ್ತ ಜೀಪುಗಳು ಈ ಕುಲದವು. ಮಡಿಕೇರಿಯ ಸಮೀಪದ ಮಾಂದಲಪಟ್ಟಿ, ಕೊಲ್ಲೂರಿನ ಮೇಲಿರುವ ಕೊಡಚಾದ್ರಿ ಮುಂತಾದ ಬೆಟ್ಟಗಳ ಕಲ್ಲುದಾರಿಯನ್ನು ಏರಿದವರಿಗೆ ಇವುಗಳ ಸಾಮರ್ಥ್ಯವನ್ನು ಹೇಳಿ ತಿಳಿಸಬೇಕಾಗಿಲ್ಲ. ಅಂತಹ ದಾರಿಯಲ್ಲಿ ಗೇರುಪೆಟ್ಟಿಗೆಯ ಮೌಂಟಿಂಗಿಗೆ ಬೀಳುವ ಕೆಲಸವೂ ಅಷ್ಟೇ ಕಠಿನವಾದುದು. ಈ ಮಾದರಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮುಂದುವರಿಯೋಣ.

ಒಲೆಯ ಮೂರು ಗುಂಡುಗಳು

ಜೀಪಿನಲ್ಲಿ ಇಂಜಿನು, ಕ್ಲಚ್ಚಿನ ಕವಚ, ಗೇರುಪೆಟ್ಟಿಗೆ, ಅದರ ಹಿಂದೆ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಅಚ್ಚುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್—ಇವೆಲ್ಲವೂ ಒಂದಕ್ಕೊಂದು ಬೋಲ್ಟುಗಳಿಂದ ಬಿಗಿಯಲ್ಪಟ್ಟು ಒಂದೇ ಉದ್ದನೆಯ ಗಡ್ಡೆಯಂತಾಗಿರುತ್ತವೆ. ಈ ಗಡ್ಡೆಯು ವಾಹನದ ಚೌಕಟ್ಟಾದ ಚಾಸಿಸ್ಸಿನ ಮೇಲೆ ನೇರವಾಗಿ ಕುಳಿತಿಲ್ಲ. ಮುಂಭಾಗದಲ್ಲಿ ಇಂಜಿನಿನ ಎಡಬಲಗಳಲ್ಲಿ ಎರಡು ರಬ್ಬರು ಮೌಂಟಿಂಗುಗಳು, ಹಿಂಭಾಗದಲ್ಲಿ ಗೇರುಪೆಟ್ಟಿಗೆಯ ಅಡಿಯಲ್ಲಿ ಒಂದು, ಹೀಗೆ ಮೂರು ಕಡೆಗಳಲ್ಲಿ ಅದಕ್ಕೆ ಆಧಾರವುಂಟು. ಹಿಂದಿನ ಮೌಂಟಿಂಗು ಚಾಸಿಸ್ಸಿನ ಎರಡು ಉದ್ದತೊಲೆಗಳನ್ನು ಕೂಡಿಸುವ ಅಡ್ಡತೊಲೆಯ ಮೇಲೆ ಕುಳಿತಿರುತ್ತದೆ.

ಮೂರೇ ಏಕೆ? ನಮ್ಮ ಹಳ್ಳಿಯ ಒಲೆಗೆ ಗುಂಡುಗಳು ಮೂರೇ ಏಕೆ ಎಂದು ಕೇಳಿದರೆ ಬರುವ ಉತ್ತರವೇ ಇದಕ್ಕೂ ಸಲ್ಲುತ್ತದೆ. ಮೂರು ಬಿಂದುಗಳು ಎಷ್ಟೇ ಏರುಪೇರಾಗಿದ್ದರೂ ಅವುಗಳ ಮೂಲಕ ಒಂದು ಸಮತಲವು ಹಾದುಹೋಗಿಯೇ ತೀರುತ್ತದೆ. ಪಾತ್ರೆಯು ಅಲುಗದೆ ಕೂರುತ್ತದೆ. ನಾಲ್ಕು ಕಾಲಿನ ಮೇಜಾದರೋ ನೆಲ ತುಸು ಡೊಂಕಾದರೂ ಕುಂಟುತ್ತದೆ. ಬೆಟ್ಟದ ಹಾದಿಯಲ್ಲಿ ಒಂದು ಚಕ್ರವು ಬಂಡೆಯನ್ನೇರಿ ಮತ್ತೊಂದು ಹಳ್ಳಕ್ಕಿಳಿದಾಗ ಜೀಪಿನ ಚಾಸಿಸ್ಸು ಒದ್ದೆ ಬಟ್ಟೆಯನ್ನು ಹಿಂಡಿದಂತೆ ಸ್ವಲ್ಪ ತಿರುಚಿಕೊಳ್ಳುತ್ತದೆ. ಆಗ ಇಂಜಿನಿನ ಗಡ್ಡೆಯನ್ನು ನಾಲ್ಕು ಮೂಲೆಗಳಲ್ಲಿ ಗಟ್ಟಿಯಾಗಿ ಬಿಗಿದಿದ್ದರೆ ಆ ತಿರುಚಾಟವೆಲ್ಲ ಎರಕದ ಕಬ್ಬಿಣದ ಮೇಲೆ ಬೀಳುತ್ತಿದ್ದಿತು. ಎರಕದ ಕಬ್ಬಿಣವು ಭಾರವನ್ನು ಹೊತ್ತೀತು, ಬಗ್ಗಲಾರದು, ಬಗ್ಗಿಸಿದರೆ ಬಿರುಕುಬಿಡುತ್ತದೆ. ಮೂರು ಆಧಾರಗಳು, ಮೂರರಲ್ಲಿಯೂ ರಬ್ಬರು—ಇದು ಆ ಅಪಾಯಕ್ಕೆ ಶಿಲ್ಪಿಗಳು ಕಂಡುಕೊಂಡ ಪರಿಹಾರ.

ತಿರುಗಿಸುವುದೂ ತಿರುಗುತ್ತದೆ

ಮೌಂಟಿಂಗಿನ ಕೆಲಸ ಭಾರ ಹೊರುವುದಷ್ಟೇ ಎಂದು ತಿಳಿದರೆ ಅರ್ಧ ಸತ್ಯವನ್ನು ತಿಳಿದಂತಾಯಿತು. ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ, ವಿರುದ್ಧವಾದ ಪ್ರತಿಕ್ರಿಯೆಯುಂಟೆಂಬ ನ್ಯೂಟನ್ನನ ಮೂರನೆಯ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. ಇಂಜಿನಿನ ಗಡ್ಡೆಯು ಚಕ್ರಗಳ ಕಡೆಗೆ ಹೋಗುವ ದಂಡವನ್ನು ಒಂದು ದಿಕ್ಕಿಗೆ ತಿರುಗಿಸಿದರೆ, ಆ ದಂಡವು ಗಡ್ಡೆಯನ್ನು ಅಷ್ಟೇ ಬಲದಿಂದ ವಿರುದ್ಧ ದಿಕ್ಕಿಗೆ ಹೊರಳಿಸಲು ಯತ್ನಿಸುತ್ತದೆ.

ಈ ಬಲ ಎಷ್ಟೆಂಬುದನ್ನು ಲೆಕ್ಕಮಾಡೋಣ. ಸಿಜೆ-೩ಬಿ ಜೀಪಿನ ೨.೨ ಲೀಟರಿನ ಪೆಟ್ರೋಲ್ ಇಂಜಿನಿನ ಗರಿಷ್ಠ ತಿರುಗುಬಲ ಸುಮಾರು ೧೫೫ ನ್ಯೂಟನ್-ಮೀಟರ್. ಮೊದಲನೆಯ ಗೇರಿನಲ್ಲಿ ಅದು ಸುಮಾರು ೨.೮ ಪಟ್ಟಾಗುತ್ತದೆ. ಕಡಿದಾದ ಏರಿಗೆಂದು ಟ್ರಾನ್ಸ್‌ಫರ್ ಕೇಸಿನ ಕೆಳಗೇರನ್ನೂ ಹಾಕಿದರೆ ಮತ್ತೆ ೨.೪೬ ಪಟ್ಟಾಗುತ್ತದೆ. ಮೂರನ್ನೂ ಗುಣಿಸಿದರೆ ಸುಮಾರು ೧೦೬೦ ನ್ಯೂಟನ್-ಮೀಟರ್ ಬರುತ್ತದೆ. ಸುಮಾರು ೧.೮ ಮೀಟರ್ ಉದ್ದದ ಹಾರೆಯೊಂದನ್ನು ಗಡ್ಡೆಗೆ ಅಡ್ಡಲಾಗಿ ಬಿಗಿದು, ಅದರ ತುದಿಯಲ್ಲಿ ೬೦ ಕಿಲೋಗ್ರಾಂ ತೂಕದ ಒಬ್ಬ ಆಳು ನಿಂತರೆ ಎಷ್ಟು ಹೊರಳಿಸುವ ಬಲ ಉಂಟಾಗುವುದೋ ಅಷ್ಟು! ಅಚ್ಚಿನೊಳಗಿನ ಹಲ್ಲುಚಕ್ರಗಳು ಈ ಬಲವನ್ನು ಇನ್ನೂ ಐದು ಪಟ್ಟಿಗಿಂತ ಹೆಚ್ಚಿಸುತ್ತವೆ. ಆದರೆ ಆ ಭಾಗದ ಪ್ರತಿಕ್ರಿಯೆ ಅಚ್ಚಿನ ಕವಚಕ್ಕೂ ಪಟ್ಟೆಗಳಿಗೂ ಹೋಗುತ್ತದೆಯೇ ಹೊರತು ಗೇರುಪೆಟ್ಟಿಗೆಗಲ್ಲ.

ಮುಂದಿನ ಎರಡು ಮೌಂಟಿಂಗುಗಳ ನಡುವಣ ಅಂತರವನ್ನು ಅರ್ಧ ಮೀಟರೆಂದು ಭಾವಿಸೋಣ. ಹೊರಳಾಟವನ್ನೆಲ್ಲ ಅವೇ ತಡೆಯಬೇಕಾದರೆ ಒಂದು ಕಡೆ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ, ತಲಾ ಎರಡು ಕ್ವಿಂಟಲಿಗೂ ಮಿಕ್ಕ ಭಾರದಷ್ಟು ಬಲ ಬೀಳುತ್ತದೆ. ಹಿಂದಿನ ಮೌಂಟಿಂಗು ನಡುವೆ ಇರುವುದರಿಂದ ಅದು ಮುಖ್ಯವಾಗಿ ತಿರುಚಿಕೊಳ್ಳುತ್ತದೆ. ಜೊತೆಗೆ ಹಿಂಭಾಗದ ಭಾರವನ್ನು ಹೊರುವುದು, ಬ್ರೇಕು ಹಾಕಿದಾಗ ಗಡ್ಡೆಯು ಮುಂದಕ್ಕೆ ನುಗ್ಗದಂತೆ ತಡೆಯುವುದು ಅದರ ಪಾಲಿನ ಕೆಲಸ. ಮುಂದಕ್ಕೆ ಹೋಗುವಾಗ, ಚಾಲಕನ ಆಸನದಿಂದ ನೋಡಿದರೆ, ಗಡ್ಡೆಯ ಎಡಗಡೆ ಮೇಲೇಳಲು ಯತ್ನಿಸುತ್ತದೆ. ಹಿಂದಕ್ಕೆ ಹೋಗುವಾಗ ಬಲಗಡೆ. ಹೀಗೆ ಗೇರು ಬದಲಾದಾಗಲೆಲ್ಲ ರಬ್ಬರು ಅತ್ತಿತ್ತ ತಿರುಚಿಕೊಳ್ಳುತ್ತಿರುತ್ತದೆ. ವರ್ಷಗಟ್ಟಲೆ ನಡೆಯುವ ಈ ತಿರುಚಾಟದಿಂದಲೇ ಅದು ಕಡೆಗೆ ಹರಿಯುತ್ತದೆ.

ನಡುಕದ ಲೆಕ್ಕ

ಇನ್ನು ಬಗ್ಗಿಕೊಡುವ ಕೆಲಸ. ನಾಲ್ಕು ಸಿಲಿಂಡರುಗಳ ಇಂತಹ ಇಂಜಿನಿನಲ್ಲಿ ದಂಡವು ಒಂದು ಸುತ್ತು ಬರುವಷ್ಟರಲ್ಲಿ ಎರಡು ಸ್ಫೋಟಗಳಾಗುತ್ತವೆ. ನಿಂತಲ್ಲಿ ಮೆಲ್ಲನೆ ಓಡುವಾಗ ನಿಮಿಷಕ್ಕೆ ೬೦೦ ಸುತ್ತುಗಳೆಂದರೆ ಸೆಕೆಂಡಿಗೆ ೨೦ ಬಡಿತ. ೧೫೦೦ ಸುತ್ತುಗಳೆಂದರೆ ೫೦ ಬಡಿತ. ಈ ಬಡಿತಗಳು ಚಾಸಿಸ್ಸಿಗೆ ದಾಟದಂತೆ ರಬ್ಬರು ತಡೆಯುವುದು ಹೇಗೆ?

ಸ್ಪ್ರಿಂಗಿನ ಮೇಲೆ ಕುಳಿತ ಯಾವುದೇ ಭಾರಕ್ಕೂ ತನ್ನದೇ ಆದ ಸಹಜ ಕಂಪನಾಂಕವೊಂದಿರುತ್ತದೆ. ಭಾರವನ್ನು ಹೊತ್ತಾಗ ರಬ್ಬರು ಎಷ್ಟು ಮಿಲಿಮೀಟರು ತಗ್ಗುವುದೋ ಆ ಸಂಖ್ಯೆಯ ವರ್ಗಮೂಲದಿಂದ ೧೫.೮ನ್ನು ಭಾಗಿಸಿದರೆ ಸೆಕೆಂಡಿಗೆ ಎಷ್ಟು ಕಂಪನಗಳೆಂಬುದು ಸ್ಥೂಲವಾಗಿ ದೊರೆಯುತ್ತದೆ. ರಬ್ಬರು ೨.೫ ಮಿಲಿಮೀಟರು ತಗ್ಗಿದರೆ ಸಹಜ ಕಂಪನಾಂಕ ಸುಮಾರು ೧೦. ಇನ್ನು ಬಡಿತದ ಸಂಖ್ಯೆಯನ್ನು ಈ ಹತ್ತರಿಂದ ಭಾಗಿಸಿ, ಬಂದುದನ್ನು ವರ್ಗಮಾಡಿ, ಒಂದನ್ನು ಕಳೆಯಿರಿ. ಸೆಕೆಂಡಿಗೆ ೨೦ ಬಡಿತವಿದ್ದಾಗ ೩ ಬರುತ್ತದೆ. ಅಂದರೆ ನಡುಗಿಸುವ ಬಲದ ಮೂರನೆಯ ಒಂದು ಪಾಲು ಮಾತ್ರ ಚಾಸಿಸ್ಸನ್ನು ಮುಟ್ಟುತ್ತದೆ. ೫೦ ಬಡಿತವಿದ್ದಾಗ ೨೪ ಬರುತ್ತದೆ. ಮುಟ್ಟುವುದು ಇಪ್ಪತ್ತನಾಲ್ಕನೆಯ ಒಂದು ಪಾಲು!

ರಬ್ಬರು ಹಳತಾಗಿ ನಾಲ್ಕು ಪಟ್ಟು ಗಡುಸಾಯಿತೆನ್ನಿ. ಸಹಜ ಕಂಪನಾಂಕ ಇಮ್ಮಡಿಸಿ ೨೦ ಆಗುತ್ತದೆ. ನಿಂತಲ್ಲಿ ಓಡುವ ಇಂಜಿನಿನ ಬಡಿತವೂ ೨೦. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದಂತಾಗಿ, ನಡುಕವು ಕಡಮೆಯಾಗುವ ಬದಲು ಬೆಳೆಯುತ್ತದೆ. ಇದೇ ಅನುರಣನ. ಹಳೆಯ ಜೀಪು ನಿಂತಿರುವಾಗಲೇ ಕನ್ನಡಿ, ಬಾನೆಟ್ಟುಗಳೆಲ್ಲ ಗಡಗಡನೆ ಅದುರುವುದಕ್ಕೆ ಅನೇಕ ವೇಳೆ ಕಾರಣ ಇದೇ.

ಇಂಜಿನನ್ನು ರಬ್ಬರಿನ ಮೇಲೆ ತೇಲಿಸುವ ಈ ಉಪಾಯವನ್ನು ಅಮೆರಿಕದ ಕ್ರೈಸ್ಲರ್ ಸಂಸ್ಥೆಯು ೧೯೩೧ರ ಪ್ಲಿಮತ್ ಕಾರಿನಲ್ಲಿ ಅಳವಡಿಸಿ 'ತೇಲುವ ಶಕ್ತಿ' ಎಂಬರ್ಥದ ಹೆಸರಿನಿಂದ ಪ್ರಸಿದ್ಧಿಗೆ ತಂದಿತು. ಮರುವರ್ಷ ಫ್ರಾನ್ಸಿನ ಸಿತ್ರೊಯೆನ್ ಸಂಸ್ಥೆಯು ಅದನ್ನು ತನ್ನ ಕಾರುಗಳಲ್ಲಿ ಬಳಸಿ, ನೀರಿನಲ್ಲಿ ತೇಲುವ ಹಂಸದ ಚಿತ್ರವನ್ನು ಅದರ ಗುರುತಾಗಿ ಇಟ್ಟುಕೊಂಡಿತು.

ರಬ್ಬರಿನ ಶತ್ರುಗಳು

ಹಸಿಯ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ೧೮೩೯ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಅದನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ಬಗೆಯನ್ನು ಕಂಡುಹಿಡಿದ ಮೇಲೆ ಅದು ಯಂತ್ರಗಳಿಗೆ ಯೋಗ್ಯವಾಯಿತು. ಸುಳ್ಯ ಮುಂತಾದ ಕಡೆಗಳ ತೋಟಗಳಲ್ಲಿ ಮರದಿಂದ ಇಳಿಸುವ ನೈಸರ್ಗಿಕ ರಬ್ಬರು ಪದೇ ಪದೇ ತಿರುಚಿದರೂ ಬೇಗ ಹರಿಯದಿರುವುದರಿಂದ ಮೌಂಟಿಂಗುಗಳಿಗೆ ಇಂದಿಗೂ ಮೆಚ್ಚಿನದಾಗಿದೆ.

ಆದರೆ ಅದಕ್ಕೆ ಮೂರು ಶತ್ರುಗಳುಂಟು. ಗಾಳಿಯಲ್ಲಿ ಅತ್ಯಲ್ಪವಾಗಿರುವ ಓಜೋನು ಮೊದಲನೆಯದು. ಎಳೆತಕ್ಕೆ ಒಳಗಾದ ರಬ್ಬರಿನ ಅಣುಸರಪಣಿಗಳನ್ನು ಅದು ಕತ್ತರಿಸಿ ಮೈಮೇಲೆ ಸಣ್ಣ ಬಿರುಕುಗಳನ್ನೆಬ್ಬಿಸುತ್ತದೆ. ಹೊಗೆಕೊಳವೆಯ ಕಾವು ಎರಡನೆಯದು. ಅದು ರಬ್ಬರನ್ನು ಗಡುಸುಮಾಡುತ್ತದೆ. ಮೂರನೆಯದೂ ಅತಿ ಕ್ರೂರವಾದುದೂ ಎಣ್ಣೆ. ಖನಿಜತೈಲವು ನೈಸರ್ಗಿಕ ರಬ್ಬರಿನೊಳಕ್ಕೆ ಇಳಿದು ಅದನ್ನು ಉಬ್ಬಿಸಿ ಮೆತ್ತಗೆ ಮಾಡಿಬಿಡುತ್ತದೆ. ಗೇರುಪೆಟ್ಟಿಗೆಯ ಅಡಿಯಲ್ಲೇ ಕುಳಿತ ಈ ಸಿಂಬಿಗೆ ಸೋರುವ ಎಣ್ಣೆಯಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ರೋಗದ ಲಕ್ಷಣಗಳು

ಮುಂಗೇರಿನಿಂದ ಹಿಂಗೇರಿಗೆ ಹಾಕಿದಾಗ ಅಡಿಯಿಂದ 'ದಡ್' ಎಂಬ ಸದ್ದು ಬರುವುದು, ವೇಗ ಹೆಚ್ಚಿಸಿ ಇಳಿಸಿದಾಗ ಗೇರಿನ ಹಿಡಿ ವಿಪರೀತವಾಗಿ ವಾಲುವುದು, ಹೊರಡುವಾಗ ವಾಹನವು ಕುಪ್ಪಳಿಸುವುದು ಇವು ಮುಖ್ಯ ಲಕ್ಷಣಗಳು. ಕುಪ್ಪಳಿಸುವುದಕ್ಕೆ ಸ್ವಾರಸ್ಯವಾದ ಕಾರಣವಿದೆ. ಈ ಜೀಪುಗಳಲ್ಲಿ ಕ್ಲಚ್ಚಿನ ಪೆಡಲು ಚಾಸಿಸ್ಸಿಗೆ ಸೇರಿದ್ದು; ಕ್ಲಚ್ಚಾದರೋ ಇಂಜಿನಿನ ಗಡ್ಡೆಗೆ ಸೇರಿದ್ದು. ಎರಡನ್ನೂ ಕೂಡಿಸುವುದು ಸರಳುಗಳ ಒಂದು ಜೋಡಣೆ. ಕ್ಲಚ್ಚು ಹಿಡಿದೊಡನೆ ಗಡ್ಡೆ ಹೊರಳುತ್ತದೆ. ಹೊರಳಿದೊಡನೆ ಸರಳು ಎಳೆಯಲ್ಪಟ್ಟು ಕ್ಲಚ್ಚು ಬಿಡುತ್ತದೆ. ಬಿಟ್ಟೊಡನೆ ಗಡ್ಡೆ ಮರಳಿ ಬಂದು ಕ್ಲಚ್ಚು ಮತ್ತೆ ಹಿಡಿಯುತ್ತದೆ. ಇದನ್ನರಿಯದೆ ಕ್ಲಚ್ಚಿನ ತಟ್ಟೆಯನ್ನೇ ಬದಲಾಯಿಸಿ ಹಣ ಕಳೆದುಕೊಳ್ಳುವವರುಂಟು. ಆದುದರಿಂದ ಮೊದಲು ಅಡಿಯಲ್ಲಿ ದೀಪ ಹಿಡಿದು ನೋಡಬೇಕು. ರಬ್ಬರಿನಲ್ಲಿ ಆಳವಾದ ಬಿರುಕು, ರಬ್ಬರು ತಟ್ಟೆಯಿಂದ ಬಿಟ್ಟಿರುವುದು, ಎಣ್ಣೆಯಿಂದ ಊದಿರುವುದು—ಇವುಗಳಲ್ಲಿ ಯಾವುದು ಕಂಡರೂ ಬದಲಾಯಿಸುವುದೇ ಸರಿ.

ಕೆಲಸದ ಕ್ರಮ

ಈ ಕೆಲಸವನ್ನು ಕಲಿಯಬಯಸುವ ವಿದ್ಯಾರ್ಥಿಯು ಅನುಭವವುಳ್ಳ ಮೆಕ್ಯಾನಿಕನ ಜೊತೆಯಲ್ಲಿಯೇ ಕಲಿಯಬೇಕು. ಮೊದಲನೆಯ ಮಾತು ಪ್ರಾಣದ್ದು. ವಾಹನವು ಸಮನೆಲದ ಮೇಲಿರಬೇಕು. ಚಕ್ರಗಳಿಗೆ ಹಿಂದೆಯೂ ಮುಂದೆಯೂ ಅಡೆಗಲ್ಲು ಕೊಡಬೇಕು. ಕೈಬ್ರೇಕನ್ನು ಮಾತ್ರ ನಂಬುವಂತಿಲ್ಲ. ಏಕೆಂದರೆ ಈ ಜೀಪುಗಳಲ್ಲಿ ಕೈಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹಿಂದಿನ ಅಚ್ಚಿಗೆ ಹೋಗುವ ದಂಡವನ್ನು ಹಿಡಿಯುತ್ತದೆ. ಒಂದು ಹಿಂಚಕ್ರವನ್ನು ನೆಲದಿಂದ ಎತ್ತಿದರೆ, ದಂಡ ನಿಂತೇ ಇದ್ದರೂ ಡಿಫರೆನ್ಷಿಯಲ್ಲಿನ ಮೂಲಕ ಎತ್ತಿದ ಚಕ್ರವು ಹಿಮ್ಮುಖವಾಗಿ ತಿರುಗಿ ನೆಲದ ಮೇಲಿನ ಚಕ್ರವು ಉರುಳಬಲ್ಲುದು. ವಾಹನವನ್ನು ಎತ್ತಲೇಬೇಕಾದರೆ ಚಾಸಿಸ್ಸಿನ ಉದ್ದತೊಲೆಗಳ ಅಡಿಗೆ ಗಟ್ಟಿಯಾದ ಸ್ಟ್ಯಾಂಡುಗಳನ್ನು ಕೊಟ್ಟೇ ಅಡಿಗೆ ಹೋಗಬೇಕು. ಬರಿಯ ಜಾಕಿಯ ಮೇಲೆ ನಿಂತ ವಾಹನದ ಅಡಿಗೆ ಒಂದು ಕ್ಷಣವೂ ಹೋಗಬಾರದು. ಬ್ಯಾಟರಿಯ ತಂತಿಯನ್ನು ಬಿಚ್ಚುವುದೂ, ಹೊಗೆಕೊಳವೆ ಆರುವವರೆಗೆ ಕಾಯುವುದೂ ಅವಶ್ಯ.

ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತೆಳುವಾದ ಎಣ್ಣೆ ಬಿಟ್ಟಿದ್ದರೆ ಅವು ಸುಲಭವಾಗಿ ಬಿಡುತ್ತವೆ. ಬಳಿಕ ಗೇರುಪೆಟ್ಟಿಗೆಯ ಅಡಿಗೆ ಇನ್ನೊಂದು ಜಾಕಿಯನ್ನಿಟ್ಟು, ನಡುವೆ ಮರದ ಹಲಗೆಯನ್ನು ಕೊಟ್ಟು, ಭಾರವನ್ನು ಮೆಲ್ಲನೆ ಹೊರಿಸಬೇಕು. ಜಾಕಿಯ ತಲೆ ಎಣ್ಣೆ ಇಳಿಸುವ ತಿರುಪಿನ ಮೇಲಾಗಲಿ, ಇಂಜಿನಿನ ತೆಳುತಗಡಿನ ಎಣ್ಣೆತೊಟ್ಟಿಯ ಮೇಲಾಗಲಿ ಕೂರಬಾರದು. ಈಗ ಮೌಂಟಿಂಗಿನ ಮೇಲ್ತಟ್ಟೆಯನ್ನು ಗೇರುಪೆಟ್ಟಿಗೆಗೂ ಕೆಳತಟ್ಟೆಯನ್ನು ಅಡ್ಡತೊಲೆಗೂ ಹಿಡಿದಿರುವ ಬೋಲ್ಟು ನಟ್ಟುಗಳನ್ನು ಬಿಚ್ಚಬೇಕು. ಟ್ರಾನ್ಸ್‌ಫರ್ ಕೇಸನ್ನು ಅಡ್ಡತೊಲೆಗೆ ರಬ್ಬರಿನ ಮೂಲಕ ಕೂಡಿಸುವ ಬೋಲ್ಟಿದ್ದರೆ ಅದನ್ನೂ ಸಡಿಲಿಸಬೇಕು. ಬಳಿಕ ಹಳೆಯ ತುಂಡು ಜಾರಿ ಬರುವಷ್ಟು ಮಾತ್ರ, ಒಂದೆರಡು ಸೆಂಟಿಮೀಟರು, ಗೇರುಪೆಟ್ಟಿಗೆಯನ್ನು ಎತ್ತಬೇಕು. ಹಿಂಭಾಗ ಏರಿದರೆ ಮುಂಭಾಗ ಓಲುತ್ತದೆ. ಆದುದರಿಂದ ಫ್ಯಾನು ರೇಡಿಯೇಟರಿಗೆ ತಗಲುವುದೋ, ಹೊಗೆಕೊಳವೆಯೂ ನೀರಿನ ಕೊಳವೆಗಳೂ ಎಳೆಯಲ್ಪಡುವುವೋ ಎಂಬುದನ್ನು ಮತ್ತೊಬ್ಬರು ಮೇಲಿನಿಂದ ನೋಡುತ್ತಿರಬೇಕು.

ಹೊಸ ಮೌಂಟಿಂಗನ್ನು ಹಳೆಯದರ ಪಕ್ಕದಲ್ಲಿಟ್ಟು ರಂಧ್ರಗಳ ಅಂತರವನ್ನೂ ಎತ್ತರವನ್ನೂ ಹೋಲಿಸಬೇಕು. ಹಳೆಯದು ತಗ್ಗಿರುವುದು ಸಹಜ. ಆದರೆ ಬೇರೆ ಮಾದರಿಯ ಎತ್ತರವಾದ ಮೌಂಟಿಂಗನ್ನು ಹಾಕಿದರೆ ಗೇರುಪೆಟ್ಟಿಗೆಯ ಓಲು ಬದಲಾಗಿ, ಚಾಲನದಂಡದ ಕೀಲುಗಳ ಕೋನವೂ ಬದಲಾಗುತ್ತದೆ. ಇಂತಹ ಕೀಲೊಂದು ೧೦ ಡಿಗ್ರಿ ಕೋನದಲ್ಲಿ ಕೆಲಸ ಮಾಡುವಾಗ ದಂಡದ ವೇಗವು ಪ್ರತಿ ಸುತ್ತಿನಲ್ಲಿ ಎರಡು ಸಲ ಶೇಕಡಾ ಒಂದೂವರೆಯಷ್ಟು ಏರಿಳಿಯುತ್ತದೆ. ದಂಡದ ಎರಡು ತುದಿಗಳ ಕೋನಗಳು ಸಮನಾಗಿದ್ದರೆ ಒಂದರ ದೋಷವನ್ನು ಇನ್ನೊಂದು ನುಂಗಿಹಾಕುತ್ತದೆ. ಸಮತೆ ಕೆಟ್ಟರೆ ಹೊಸದೊಂದು ನಡುಕವನ್ನು ನಾವೇ ಬರಮಾಡಿಕೊಂಡಂತೆ.

ಹೊಸ ತುಂಡನ್ನು ಕೂಡಿಸಿ ಬೋಲ್ಟುಗಳನ್ನೆಲ್ಲ ಮೊದಲು ಕೈಯಿಂದಲೇ ತಿರುಗಿಸಿ ಬಿಡಬೇಕು. ಜಾಕಿಯನ್ನು ಇಳಿಸಿ, ಪೂರ್ಣಭಾರವು ರಬ್ಬರಿನ ಮೇಲೆ ಕುಳಿತ ಮೇಲೆಯೇ ಅವುಗಳನ್ನು ಬಿಗಿಯಬೇಕು. ಭಾರ ಕೂರುವ ಮೊದಲೇ ಬಿಗಿದರೆ ರಬ್ಬರು ಹುಟ್ಟಿನಲ್ಲೇ ಓರೆಯಾಗಿ ಎಳೆಯಲ್ಪಟ್ಟು, ಆ ಎಳೆತವನ್ನು ಹೊತ್ತೇ ದುಡಿಯಬೇಕಾಗುತ್ತದೆ. ಎಷ್ಟು ಬಿಗಿಯಬೇಕೆಂಬುದಕ್ಕೆ ತಯಾರಕರ ಪುಸ್ತಕವೇ ಪ್ರಮಾಣ. ಸ್ಪ್ರಿಂಗ್ ವಾಷರುಗಳನ್ನು ಮರೆಯಬಾರದು. ಕಡೆಯಲ್ಲಿ ಕ್ಲಚ್ಚಿನ ಪೆಡಲಿನ ಸಡಿಲವನ್ನು ಪರೀಕ್ಷಿಸಬೇಕು. ಗಡ್ಡೆಯ ಸ್ಥಾನವು ಸರಿದಿರುವುದರಿಂದ ಅದು ಬದಲಾಗಿರಬಹುದು. ಕೆಲವು ದಿನಗಳ ಓಡಾಟದ ನಂತರ ಬೋಲ್ಟುಗಳನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.

ಅಗ್ಗದ ಉಪಾಯದ ಬೆಲೆ

ದೂರದ ಊರುಗಳಲ್ಲಿ ಸರಿಯಾದ ಬಿಡಿಭಾಗ ದೊರೆಯದಿದ್ದಾಗ ಹಳೆಯ ಟೈರಿನ ತುಂಡನ್ನೋ ಕಬ್ಬಿಣದ ತುಂಡನ್ನೋ ತುರುಕಿ ಬಿಗಿಯುವುದುಂಟು. ಟೈರಿನ ತುಂಡಿಗೆ ಉಕ್ಕಿನ ತಟ್ಟೆಗಳು ಅಂಟಿಲ್ಲದುದರಿಂದ ಅದು ಒತ್ತಡವನ್ನು ತಾಳೀತೇ ಹೊರತು ಮೇಲಕ್ಕೇಳುವ ಎಳೆತವನ್ನು ತಡೆಯಲಾರದು. ಹೇಗೋ ಮನೆ ಸೇರಲು ಅದು ಸಾಕು. ವರ್ಷವಿಡೀ ದುಡಿಯಲು ಸಾಲದು. ಕಬ್ಬಿಣದ ತುಂಡಿನ ಪರಿಣಾಮ ಇನ್ನೂ ಕೆಟ್ಟದ್ದು. ಚಾಸಿಸ್ಸಿನ ತಿರುಚಾಟವೂ ಇಂಜಿನಿನ ಬಡಿತವೂ ಎಡೆಬಿಡದೆ ಗೇರುಪೆಟ್ಟಿಗೆಯ ಎರಕದ ಕವಚಕ್ಕೆ ತಗಲಿ, ಒಂದು ದಿನ ಬೋಲ್ಟಿನ ಕಿವಿಯೇ ಸೀಳುತ್ತದೆ. ಆಗ ಬದಲಾಯಿಸಬೇಕಾದುದು ಅಂಗೈಯಗಲದ ರಬ್ಬರನ್ನಲ್ಲ, ಇಡಿಯ ಕವಚವನ್ನು.

ಮೌಂಟಿಂಗನ್ನು ಬದಲಾಯಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆನ್ನುವಂತಿಲ್ಲ. ಹಳೆಯ ತುಂಡನ್ನು ಬಿಸಾಡುವ ಮುನ್ನ ಅದನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಬೇಕು. ಅದು ಒಣಗಿ ಬಿರುಕುಬಿಟ್ಟಿದ್ದರೆ ತನ್ನ ಆಯುಷ್ಯವನ್ನು ಮುಗಿಸಿದೆಯೆಂದು ತಿಳಿಯಬಹುದು. ಎಣ್ಣೆಯಿಂದ ಊದಿ ಮೆತ್ತಗಾಗಿದ್ದರೆ ಮೇಲೆಲ್ಲೋ ಆಯಿಲ್ ಸೀಲೊಂದು ಸೋರುತ್ತಿದೆಯೆಂದರ್ಥ. ಆ ಸೋರಿಕೆಯನ್ನು ನಿಲ್ಲಿಸದೆ ಹೊಸದನ್ನು ಹಾಕಿದರೆ ಅದಕ್ಕೂ ಅದೇ ಗತಿ. ಒಂದೇ ಪಕ್ಕದಲ್ಲಿ ಹರಿದಿದ್ದರೆ ಮುಂದಿನ ಎರಡು ಮೌಂಟಿಂಗುಗಳ ಕಡೆಗೂ ಕಣ್ಣು ಹಾಯಿಸಬೇಕು. ಮೂರು ಗುಂಡುಗಳಲ್ಲಿ ಒಂದು ಕುಸಿದರೆ ಉಳಿದೆರಡರ ಮೇಲೆ ಹೊರೆ ಹೆಚ್ಚುತ್ತದೆಯಷ್ಟೆ. ಯಂತ್ರವನ್ನು ರಿಪೇರಿ ಮಾಡುವವನು ಮುರಿದುದನ್ನು ಬದಲಾಯಿಸುತ್ತಾನೆ. ಯಂತ್ರವನ್ನು ಬಲ್ಲವನು ಅದು ಏಕೆ ಮುರಿಯಿತೆಂದು ಮೊದಲು ಕೇಳುತ್ತಾನೆ. ನಮ್ಮ ವಿದ್ಯಾರ್ಥಿಗಳು ಎರಡನೆಯ ಪಂಗಡಕ್ಕೆ ಸೇರುವಂತಾಗಲಿ.